ಕರಾವಳಿಯ, ಶಿರಸಿ ಸೀಮೆಯ ಹಳೆಮನೆಗೆ ಹೊಸ ಅಡುಗೆಮನೆ: ಮೊದಲು ನೀರಿನ ದಾರಿ, ಆಮೇಲೆ ಕಪಾಟು

ಅಡುಗೆಮನೆ ಹೊಸದು ಮಾಡಿಸಲು ಹೊರಟವರು ಮೊದಲು ಮೊಬೈಲಿನಲ್ಲಿ ನಾಲ್ಕು ಚಿತ್ರ ಹುಡುಕಿ ಆಚಾರಿಗೆ ತೋರಿಸುತ್ತಾರೆ. ಆ ಚಿತ್ರಗಳಲ್ಲಿ ಕಾಯಿ ಹೆರೆಯಲು ಕೂರುವ ಜಾಗ ಇರುವುದಿಲ್ಲ, ಮೀನು ಕೊಯ್ಯುವ ಜಾಗ ಇರುವುದಿಲ್ಲ, ಮಿಡಿ ಉಪ್ಪಿನಕಾಯಿಯ ಭರಣಿ ಇರುವುದಿಲ್ಲ. ಆಷಾಢದಲ್ಲಿ ಬೆವರುವ ಗೋಡೆಯಂತೂ ಇಲ್ಲವೇ ಇಲ್ಲ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು, ಕೆಲವೆಡೆ ಅದಕ್ಕೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಘಟ್ಟದ ಮೇಲೆ ಶಿರಸಿಯಲ್ಲಿ ಮಳೆ ಅದಕ್ಕಿಂತ ಕಡಿಮೆಯಾದರೂ ಬಟ್ಟೆ ಒಣಗದ ದಿನಗಳಿಗೇನೂ ಕೊರತೆಯಿಲ್ಲ. ಇಲ್ಲಿ ಅಡುಗೆಮನೆ ಹಾಳಾಗುವುದು ನೀರಿನಿಂದ: ಗೋಡೆ ಕುಡಿಯುವ ಮಳೆನೀರು, ಸಿಂಕಿನಿಂದ ಜಿನುಗುವ ನೀರು, ಗಾಳಿಯಲ್ಲಿರುವ ಪಸೆ, ಕಡಲ ಕಡೆಯಾದರೆ ಜೊತೆಗೆ ಉಪ್ಪು. ಆದ್ದರಿಂದ ನಕ್ಷೆಯನ್ನೂ ನೀರಿನಿಂದಲೇ ಶುರುಮಾಡಬೇಕು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಚೆಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಕಾಗದದ ಮೇಲೆ ಬಂದ ನಂತರ ಒಲೆ, ಫ್ರಿಜ್ಜು, ಕಪಾಟು ತಾವಾಗಿಯೇ ಜಾಗ ಹಿಡಿಯುತ್ತವೆ.

ಅಳತೆ

ಹಳೆಯ ಚಿರೆಕಲ್ಲಿನ ಗೋಡೆ ನೇರ ಇರುತ್ತದೆಂದು ನಂಬಬೇಡಿ. ಪ್ರತಿ ಗೋಡೆಯನ್ನೂ ಮೂರು ಕಡೆ ಅಳೆಯಿರಿ: ನೆಲದ ಹತ್ತಿರ, ಕಟ್ಟೆಯ ಎತ್ತರದಲ್ಲಿ, ಮತ್ತೆ 7 ಅಡಿ ಮೇಲೆ. ಮೂರರಲ್ಲಿ ಚಿಕ್ಕದನ್ನೇ ನಕ್ಷೆಗೆ ಹಿಡಿಯಿರಿ. ಮೂಲೆ ಚೌಕವಾಗಿದೆಯೋ ನೋಡಲು ಒಂದು ಗೋಡೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಹಾಕಿ. ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರಬೇಕು. ಒಂದು ಇಂಚು ಹೆಚ್ಚುಕಡಿಮೆ ಬಂದರೆ ಆ ಮೂಲೆಗೆ ಗ್ರಾನೈಟನ್ನು ಕಾಗದದ ಅಚ್ಚು ಇಟ್ಟೇ ಕತ್ತರಿಸಬೇಕು. ಇಲ್ಲದಿದ್ದರೆ ಕಲ್ಲಿಗೂ ಗೋಡೆಗೂ ನಡುವೆ ಸಂದು ಉಳಿದು, ಸಿಮೆಂಟು ತುಂಬಿದರೂ ವರ್ಷದೊಳಗೆ ಬಿರುಕು ಬಿಟ್ಟು, ಜಿರಲೆಗೆ ಮನೆಯಾಗುತ್ತದೆ.

ಬಾಗಿಲು, ಕಿಟಕಿ, ತೊಲೆಯ ತುದಿ, ಈಗಿರುವ ನಲ್ಲಿ, ಮೋರಿ, ಮೀಟರ್‌ನಿಂದ ಬರುವ ತಂತಿ, ಬಾವಿ ಯಾವ ಕಡೆ ಎಂಬುದು, ಇವೆಲ್ಲ ನಕ್ಷೆಯಲ್ಲಿ ಬರಲಿ. ಇದಕ್ಕಿಂತ ಮುಖ್ಯವಾದ ಒಂದು ಗುರುತಿದೆ, ಅದನ್ನೇ ಎಲ್ಲರೂ ಮರೆಯುತ್ತಾರೆ: ಮಳೆಗಾಲದಲ್ಲಿ ಯಾವ ಗೋಡೆ ಎಷ್ಟು ಎತ್ತರದವರೆಗೆ ಒದ್ದೆಯಾಗುತ್ತದೆ. ಜನವರಿಯಲ್ಲಿ ಅಳತೆ ತೆಗೆದರೆ ಎಲ್ಲ ಗೋಡೆಯೂ ಒಣಗಿಯೇ ಕಾಣುತ್ತದೆ. ಸಾಧ್ಯವಿದ್ದರೆ ಆಗಸ್ಟ್‌ನಲ್ಲೇ ಪೆನ್ಸಿಲ್ಲಿನಿಂದ ಗೆರೆ ಹಾಕಿ ಚಿತ್ರ ತೆಗೆದಿಟ್ಟುಕೊಳ್ಳಿ. ಆಗಲಿಲ್ಲವೆಂದರೆ ಸುಣ್ಣ ಉದುರಿದ ಜಾಗ, ಬಿಳಿ ಉಪ್ಪು ಹೂತ ಜಾಗ, ಹಳೆಯ ಕಪಾಟಿನ ಹಿಂದೆ ಬೂಷ್ಟು ಹಿಡಿದ ಜಾಗ ಹುಡುಕಿ. ನೆಲದಿಂದ ಎರಡು ಮೂರು ಅಡಿವರೆಗಿನ ಪಸೆ ಮಣ್ಣಿನಿಂದ ಏರಿದ್ದು. ಕಿಟಕಿಯ ಕೆಳಗೆ, ಗೋಡೆಯ ಮಧ್ಯದಲ್ಲಿ ಕಂಡದ್ದು ಹೊರಗಿನ ಇರಚಲಿನದು. ಎರಡಕ್ಕೂ ಮದ್ದು ಬೇರೆ.

ಗ್ರಾಫ್ ಕಾಗದದಲ್ಲಿ ಒಂದು ಅಡಿಗೆ ಎರಡು ಮನೆಯಂತೆ ಬರೆದುಕೊಂಡರೆ ಸಾಕು, ಕಂಪ್ಯೂಟರ್ ಚಿತ್ರ ಕಡ್ಡಾಯವಲ್ಲ. ಬರೆದದ್ದನ್ನು ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಅಳತೆಯಲ್ಲಿ ಎಳೆದು, ದಿನಾ ಅಡುಗೆ ಮಾಡುವವರನ್ನೇ ಅದರೊಳಗೆ ನಿಲ್ಲಿಸಿ. ಅಕ್ಕಿ ತೊಳೆದು ಒಲೆಗಿಡುವ, ಅನ್ನ ಬಸಿಯುವ, ಬಾಣಲೆ ಇಳಿಸುವ ಹಾಗೆ ಓಡಾಡಲಿ. ನಕ್ಷೆಯ ತಪ್ಪು ಹತ್ತು ನಿಮಿಷದಲ್ಲಿ ಹೊರಬರುತ್ತದೆ, ಮತ್ತು ಆಗ ಅಳಿಸಬೇಕಾದ್ದು ಸುಣ್ಣದ ಗೆರೆ ಮಾತ್ರ.

ಹಸಿ ಕೆಲಸ ಬೇರೆ, ಒಣ ಕೆಲಸ ಬೇರೆ

ನಮ್ಮ ಕಡೆಯ ಅಡುಗೆಯಲ್ಲಿ ಅರ್ಧ ಕೆಲಸ ನೀರಿನದ್ದು. ಕಾಯಿ ಒಡೆಯುವುದು, ಹೆರೆಯುವುದು, ದೋಸೆಗೆ ರುಬ್ಬುವುದು, ಮೀನು, ಸಿಗಡಿ, ಚಿಪ್ಪಿ ಚೊಕ್ಕ ಮಾಡುವುದು, ಹಲಸಿನಹಣ್ಣು ಬಿಡಿಸುವುದು, ಸೊಪ್ಪಿನ ಮಣ್ಣು ತೊಳೆಯುವುದು. ಇದನ್ನೆಲ್ಲ ಹೊಳೆಯುವ ಒಳಕಟ್ಟೆಯ ಮೇಲೆ ಮಾಡಿದರೆ ಕಟ್ಟೆಯ ಕೆಳಗಿನ ಕಪಾಟು ಎರಡು ಮಳೆಗಾಲ ಬಾಳುವುದಿಲ್ಲ. ಹಳೆಯ ಮನೆಗಳಲ್ಲಿ ಇದಕ್ಕೆ ಹಿಂಬದಿಯ ಮಾಡಿನ ಕೆಳಗೆ ಜಾಗವಿತ್ತು. ಹೊಸದು ಮಾಡಿಸುವಾಗ ಅದನ್ನೇ ಮುಚ್ಚಿ ಅಡುಗೆಮನೆ ದೊಡ್ಡದು ಮಾಡುವುದು ಈ ಭಾಗದಲ್ಲಿ ಆಗುವ ಅತಿ ದೊಡ್ಡ ತಪ್ಪು ಎಂದೇ ಹೇಳಬೇಕು.

ಹಿತ್ತಿಲ ಬಾಗಿಲಿಗೆ ತಾಗಿ 6 ಅಡಿ ಅಗಲ, 8 ಅಡಿ ಉದ್ದದ ಜಾಗ ಉಳಿಸಿಕೊಳ್ಳಿ. ಮೇಲೆ ಮಾಡು ಇರಲಿ, ಹೊರಗೆ ಕನಿಷ್ಠ ಎರಡು ಅಡಿ ಚಾಚಿರಲಿ. ನೆಲ ಅಡುಗೆಮನೆಗಿಂತ 2 ಇಂಚು ತಗ್ಗಿರಲಿ. ನೀರು ಹರಿಯಲು ಇಳಿಜಾರು 4 ಅಡಿಗೆ 1 ಇಂಚು, ಬಾಗಿಲಿನಿಂದ ಆಚೆ ಮುಖವಾಗಿ. ನೆಲಕ್ಕೆ ಒರಟು ಕಡಪ ಕಲ್ಲು ಇಲ್ಲವೇ ಒರಟು ಮೈಯ ಟೈಲ್ಸು. ಮೆಟ್ಟುಗತ್ತಿ ಹಾಕಿಕೊಂಡು ಕೂರಲು ಒಬ್ಬರಿಗೆ 3 ಅಡಿ × 3 ಅಡಿ ಬೇಕು, ಒರಳುಕಲ್ಲಿಗೆ ಇನ್ನೊಂದು ಅಷ್ಟೇ. ನೆಲದಿಂದ 18 ಇಂಚು ಎತ್ತರದಲ್ಲಿ ಒಂದು ನಲ್ಲಿ, ನಿಂತು ತೊಳೆಯಲು ಒಂದು ಆಳದ ಸಿಂಕು. ಮೀನು ತೊಳೆದ ನೀರಿನ ದಾರಿಗೆ ತೆಗೆದು ತೊಳೆಯಲು ಬರುವ ಜಾಲಿ ಹಾಕಿ. ಹುರುಪೆ ಪೈಪಿಗೆ ಹೋದರೆ ಒಳಮೈಗೆ ಅಂಟಿಕೊಂಡು, ಅದರ ಮೇಲೆ ಕಾಯಿಯ ಜಿಡ್ಡು ಕೂತು ಪೈಪು ಕಟ್ಟುತ್ತದೆ. ತೆಂಗಿನ ಬುಡಕ್ಕೆ ನೀರು ಬಿಡುವುದಾದರೆ ಬಾವಿಯಿಂದ ದೂರದ ಮರಕ್ಕೆ ಬಿಡಿ.

ಫ್ಲ್ಯಾಟಿನಲ್ಲಿ ಹಿತ್ತಿಲಿರುವುದಿಲ್ಲ. ಅಲ್ಲಿ ಯುಟಿಲಿಟಿ ಬಾಲ್ಕನಿಯೇ ಹಸಿ ಕೆಲಸದ ಜಾಗ. ಅದಕ್ಕೆ ವಾಷಿಂಗ್ ಮೆಷಿನ್ ಒಂದನ್ನೇ ತುಂಬಿಸದೆ 3 ಅಡಿ ಕಟ್ಟೆ ಉಳಿಸಿಕೊಳ್ಳಿ.

ಒಂದು ಕೋಣೆ, ಅಂಕಿಯಲ್ಲಿ

ಲೆಕ್ಕ ಹೇಗೆ ಹಾಕುವುದೆಂದು ತಿಳಿಯಲು ಒಂದು ಕೋಣೆ ಹಿಡಿದುಕೊಳ್ಳೋಣ. ಪೂರ್ವ–ಪಶ್ಚಿಮ 12 ಅಡಿ, ಉತ್ತರ–ದಕ್ಷಿಣ 10 ಅಡಿ. ಪೂರ್ವ ಮತ್ತು ದಕ್ಷಿಣದ್ದು ಹೊರಗೋಡೆ, ಪಶ್ಚಿಮದ್ದು ಒಳಗೋಡೆ. ಊಟದ ಕೋಣೆಯ ಬಾಗಿಲು ಉತ್ತರಕ್ಕೆ, ಹಿತ್ತಿಲ ಬಾಗಿಲು ದಕ್ಷಿಣದ ಗೋಡೆಯ ಪಶ್ಚಿಮ ತುದಿಗೆ. ಅಂದರೆ ಕೋಣೆ ಮನೆಯ ಆಗ್ನೇಯ ಮೂಲೆಯಲ್ಲಿದೆ. ವಾಸ್ತು ನೋಡುವವರಿಗೆ ಅದು ಬೇಕು. ನೋಡದವರಿಗೂ ಇಲ್ಲಿ ಅದು ಒಳ್ಳೆಯದೇ, ಏಕೆಂದರೆ ಮಳೆಗಾಳಿ ಬಡಿಯುವುದು ನೈಋತ್ಯ, ಪಶ್ಚಿಮದಿಂದ. ಪೂರ್ವದ ಗೋಡೆ ಮನೆಯ ಮರೆಯಲ್ಲಿ ಉಳಿಯುತ್ತದೆ.

ದಕ್ಷಿಣದ ಗೋಡೆಯಲ್ಲಿ ಬಾಗಿಲಿಗೆ 3 ಅಡಿ ಹೋದರೆ 9 ಅಡಿ ಉಳಿಯಿತು. ಬಾಗಿಲಿನ ಕಡೆಯಿಂದ ಎಣಿಸಿ: ತೊಳೆದ ಪಾತ್ರೆ ಸೋರಲು 2 ಅಡಿ, ಸಿಂಕು 2 ಅಡಿ, ಹೆಚ್ಚುವ ಕಟ್ಟೆ 3 ಅಡಿ, ಮೂಲೆ 2 ಅಡಿ. ಪೂರ್ವದ ಗೋಡೆಯಲ್ಲಿ ಮೂಲೆಯ 2 ಅಡಿ ಬಿಟ್ಟು 8 ಅಡಿ: ಪೂರ್ವಕ್ಕೆ ಮುಖಮಾಡಿ ನಿಂತವರಿಗೆ ಒಲೆಯ ಬಲಗೈ ಕಡೆ 1 ಅಡಿ ಕಟ್ಟೆ, ಒಲೆ 2.5 ಅಡಿ, ಇಳಿಸಿಡಲು 2 ಅಡಿ, ಕೊನೆಗೆ ಊಟದ ಕೋಣೆಯ ಕಡೆ ಫ್ರಿಜ್ಜಿಗೆ 2.5 ಅಡಿ. ಸಿಂಕಿನಿಂದ ಒಲೆಗೆ ಸುಮಾರು 6 ಅಡಿ, ಒಲೆಯಿಂದ ಫ್ರಿಜ್ಜಿಗೆ 4.5 ಅಡಿ, ಫ್ರಿಜ್ಜಿನಿಂದ ಸಿಂಕಿಗೆ 9 ಅಡಿಗೆ ಸ್ವಲ್ಪ ಮೇಲೆ. ಮೂರೂ ಕೂಡಿದರೆ 20 ಅಡಿಯ ಹತ್ತಿರ. ಈ ಮೊತ್ತ 13 ಅಡಿಗಿಂತ ಕಡಿಮೆಯಾದರೆ ಕೈಗೆ ಕೈ ತಾಗುತ್ತದೆ, 26 ದಾಟಿದರೆ ದಿನವಿಡೀ ನಡೆಯುವುದೇ ಆಗುತ್ತದೆ.

ಇದರಲ್ಲಿ ಬಿಡಬಾರದ ಅಳತೆ ಸಿಂಕು ಮತ್ತು ಒಲೆಯ ನಡುವಿನ 3 ಅಡಿ ಹೆಚ್ಚುವ ಕಟ್ಟೆ. ಜಾಗ ಸಾಲದಾದಾಗ ಜನ ಮೊದಲು ಕತ್ತರಿ ಹಾಕುವುದು ಇದಕ್ಕೇ. ಕತ್ತರಿಸಿದರೆ ತರಕಾರಿ ಹೆಚ್ಚಲು ಊಟದ ಮೇಜಿಗೆ ಹೋಗಬೇಕಾಗುತ್ತದೆ, ಅಡುಗೆಮನೆ ಎರಡು ಕೋಣೆಗೆ ಹರಡುತ್ತದೆ. ಬೇಕಾದರೆ ಫ್ರಿಜ್ಜನ್ನು ಹೊರಗಿಡಿ, ಈ 3 ಅಡಿ ಬಿಡಬೇಡಿ.

ಪಶ್ಚಿಮದ ಒಳಗೋಡೆಗೆ 15 ಇಂಚು ಆಳದ ಒಣ ಸಾಮಾನಿನ ಕಪಾಟು. ಅದೂ ಹೋಗಿ ಮಧ್ಯೆ ಸುಮಾರು 8 ಅಡಿ ಚೌಕ ನೆಲ ಉಳಿಯುತ್ತದೆ. ಹಬ್ಬಕ್ಕೆ ನಾಲ್ಕು ಜನ ಕೂತು ಹೋಳಿಗೆ ಲಟ್ಟಿಸಲು, ಹಪ್ಪಳ ಮಾಡಲು ಅದು ಬೇಕು. ಅಲ್ಲಿ ಕಲ್ಲಿನ ದ್ವೀಪಕಟ್ಟೆ ಕಟ್ಟಿಸಿಬಿಟ್ಟರೆ ಮತ್ತೆ ಸರಿಸಲು ಬಾರದು. 2.5 × 4 ಅಡಿಯ ಮೇಜು ಇಟ್ಟುಕೊಳ್ಳುವುದೇ ಜಾಣತನ.

ಕೋಣೆ ಚಿಕ್ಕದಾದರೆ ಮೊದಲು ಅಗಲ ನೋಡಿ. 8 ಅಡಿ ಅಗಲದಲ್ಲಿ ಎರಡೂ ಕಡೆ 2 ಅಡಿ ಕಟ್ಟೆ ಹಾಕಿದರೆ ಮಧ್ಯೆ 4 ಅಡಿ, ಇಬ್ಬರು ಬೆನ್ನಿಗೆ ಬೆನ್ನು ಹಾಕಿ ಕೆಲಸ ಮಾಡಬಹುದು. 7 ಅಡಿಯಲ್ಲಿ ಉಳಿಯುವುದು 3 ಅಡಿ. ಕೆಳಗಿನ ಕಪಾಟಿನ ಬಾಗಿಲು ತೆರೆದು ಬಗ್ಗಿದರೆ ದಾರಿಯೇ ಇಲ್ಲ. ಅಂಥಲ್ಲಿ ಒಂದು ಕಡೆ ಮಾತ್ರ ಪೂರ್ತಿ ಕಟ್ಟೆ, ಎದುರಿಗೆ 12 ಇಂಚಿನ ಹಲಗೆ.

ಕಟ್ಟೆಯ ಎತ್ತರ

ಗೌಂಡಿಗೇ ಬಿಟ್ಟರೆ ರೂಢಿಯ ಒಂದೇ ಎತ್ತರದಲ್ಲಿ ಕಟ್ಟಿ ಹೋಗುತ್ತಾರೆ. ಎತ್ತರ ತೀರ್ಮಾನಿಸಬೇಕಾದ್ದು ಅಡುಗೆ ಮಾಡುವವರ ಮೊಣಕೈ ನೋಡಿ. ಚಪ್ಪಲಿ ಇಲ್ಲದೆ ನಿಂತು ಮೊಣಕೈ ಮಡಚಿ ನೆಲದಿಂದ ಅಳೆಯಿರಿ, 5 ಇಂಚು ಕಳೆಯಿರಿ. 5 ಅಡಿ 2 ಇಂಚಿನವರಿಗೆ ಮೊಣಕೈ 38–39 ಇಂಚಿಗೆ ಬರುತ್ತದೆ, ಹೆಚ್ಚುವ ಕಟ್ಟೆ 33–34. ಒಲೆ ತಾನೇ 4 ಇಂಚು ಎತ್ತರ, ಅದರ ಮೇಲೆ ಪಾತ್ರೆ. ಹಾಗಾಗಿ ಒಲೆಯ ಕಟ್ಟೆ 3–4 ಇಂಚು ತಗ್ಗಿದ್ದರೆ ಪಾತ್ರೆಯೊಳಗೆ ಕಣ್ಣು ಹೋಗುತ್ತದೆ, ಭುಜ ಎತ್ತಿ ಸೌಟು ಆಡಿಸುವ ಕಷ್ಟ ತಪ್ಪುತ್ತದೆ. ಸಿಂಕಿನದು ತಿರುಗುಮುರುಗು: ಕೈ ಹೋಗುವುದು ತಳಕ್ಕೆ, ಆದ್ದರಿಂದ 10 ಇಂಚು ಆಳದ ಸಿಂಕಿನ ಬಾಯಿ 34ಕ್ಕಿಂತ ತಗ್ಗಿದ್ದರೆ ಸೊಂಟ ಬಗ್ಗುತ್ತದೆ. ಟೇಬಲ್ ಗ್ರೈಂಡರಿಗೆ ಕಟ್ಟೆಯ ಮೇಲೆ ಜಾಗ ಕೊಡಬೇಡಿ. ಕಲ್ಲು ಸೇರಿ ಭಾರ ಹತ್ತು ಕೆಜಿ ಮೀರುತ್ತದೆ, ಎತ್ತಿ ಇಳಿಸುವುದರಲ್ಲೇ ಬೆನ್ನು ಹೋಗುತ್ತದೆ. 24 ಇಂಚು ಎತ್ತರದ ಗಟ್ಟಿ ಕಲ್ಲಿನ ಮೇಲೆ, ಪ್ಲಗ್ಗಿನ ಹತ್ತಿರ ಅದರದೇ ಜಾಗ ಇರಲಿ.

ನಾಲ್ಕು ಚಿರೆಕಲ್ಲು ಒಟ್ಟಿ ಮೇಲೆ ಹಲಗೆಯಿಟ್ಟು ಎರಡು ದಿನ ತರಕಾರಿ ಹೆಚ್ಚಿ ನೋಡಿ, ಆಮೇಲೆ ಎತ್ತರ ಹೇಳಿ.

ಕಟ್ಟೆಯ ಆಳ 24 ಇಂಚು. ಕೆಳಗಿನ ಕಪಾಟಿನ ಬಾಗಿಲಿಗಿಂತ ಕಲ್ಲು ಒಂದು ಇಂಚು ಮುಂದೆ ಚಾಚಿರಬೇಕು. ಆ ಚಾಚಿನ ಅಡಿಯಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ, ಉದ್ದಕ್ಕೂ ಕಟರಿನಿಂದ ಒಂದು ಸಣ್ಣ ಗೀರು ಕೊರೆಸಿ. ಚೆಲ್ಲಿದ ನೀರು ಕಲ್ಲಿನ ಅಡಿಮೈಯಲ್ಲಿ ಒಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಐದು ನಿಮಿಷದ ಕೆಲಸ, ಬಾಗಿಲಿನ ಮೇಲಂಚು ಉಬ್ಬುವುದು ನಿಲ್ಲುತ್ತದೆ. ಕಾಲ್ಬೆರಳಿಗೆ ಜಾಗವಾಗಿ ಕೆಳಗೆ 4 ಇಂಚು ಎತ್ತರ, 3 ಇಂಚು ಆಳ ಬಿಡಬೇಕು.

ಮೇಲಿನ ನಕ್ಷೆಗೆ ಗ್ರಾನೈಟು ದಕ್ಷಿಣಕ್ಕೆ 18 ಚದರಡಿ, ಪೂರ್ವಕ್ಕೆ ಫ್ರಿಜ್ಜು ಬಿಟ್ಟು 11, ಒಟ್ಟು 29. ಹಾಳಾಗುವುದು ಸೇರಿ 32 ಹೇಳಿ. ಕಟ್ಟೆಯ ಹಿಂದೆ 2 ಅಡಿ ಎತ್ತರ ಟೈಲ್ಸು ಹಾಕಿದರೆ ಕಿಟಕಿ ಕಳೆಯುವ ಮುಂಚೆ 33 ಚದರಡಿ. ಒಂದೆರಡು ಟೈಲ್ಸು ಹೆಚ್ಚಿಗೆ ತಂದು ಅಟ್ಟದಲ್ಲಿಡಿ, ಮುಂದೆ ಅದೇ ಬಣ್ಣ ಸಿಗುವುದಿಲ್ಲ.

ಗ್ಯಾಸು, ಗೋಬರ್ ಗ್ಯಾಸು, ಕಟ್ಟಿಗೆ ಒಲೆ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ತಗ್ಗಿಗೆ ಇಳಿಯುತ್ತದೆ. ಕಿಟಕಿ ತೆರೆದಿದೆ ಎಂದು ಧೈರ್ಯದಲ್ಲಿರುವಂತಿಲ್ಲ. ಸಿಲಿಂಡರ್ ಇಡುವಲ್ಲಿ ನೆಲಮಟ್ಟದಲ್ಲೇ ಹೊರಗೋಡೆಗೆ 6 × 6 ಇಂಚಿನ ಕಿಂಡಿ ಬೇಕು. ಹಾವು, ಹೆಗ್ಗಣ ಬಾರದಂತೆ ಸ್ಟೀಲ್ ಜಾಲರಿ ಹಾಕಿ. ಕಿಂಡಿಯ ಹೊರಬಾಯಿಯ ಹತ್ತಿರ ಮೋರಿಯ ಗುಂಡಿ ಇರಬಾರದು. ಮೇಲಿನ ನಕ್ಷೆಯಲ್ಲಿ ಸಿಂಕಿನ ನೀರು ದಕ್ಷಿಣಕ್ಕೆ ಹೋಗುವುದರಿಂದ ಕಿಂಡಿಯನ್ನು ಪೂರ್ವಕ್ಕೆ ಇಡಬೇಕು.

14.2 ಕೆಜಿಯ ಸಿಲಿಂಡರಿನ ಅಡ್ಡಳತೆ ಒಂದು ಅಡಿಗೆ ಸ್ವಲ್ಪ ಹೆಚ್ಚು. ಕೈ ತಲುಪದ ಆ 2 ಅಡಿ ಮೂಲೆ ಇದೆಯಲ್ಲ, ತಿರುಗುವ ದುಬಾರಿ ಬುಟ್ಟಿ ಹಾಕಿಸುವ ಬದಲು ಸಿಲಿಂಡರನ್ನು ಅಲ್ಲಿಡಬಹುದು. ಬಾಗಿಲು ಹಾಕಬೇಡಿ, ಹಾಕಲೇಬೇಕೆಂದರೆ ಜಾಲಿ ಬಾಗಿಲು. ಒಲೆಯ ನೇರ ಕೆಳಗೆ ಬೇಡ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಮೇಲಿರಬೇಕು, ರಬ್ಬರ್ ಪೈಪು ಒಂದೂವರೆ ಮೀಟರ್ ಮೀರಬಾರದು, ಗೋಡೆಯೊಳಗೆ ಹುದುಗಿಸಬಾರದು, 5 ವರ್ಷಕ್ಕೊಮ್ಮೆ ಬದಲಾಗಬೇಕು. ಸಿಲಿಂಡರ್ ಹೊರಗಿಟ್ಟು ತಾಮ್ರದ ಪೈಪಿನಲ್ಲಿ ಗ್ಯಾಸು ತರುವುದಾದರೆ ಆ ಕೆಲಸ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್‌ನಿಂದಲೇ ಆಗಲಿ.

ಒಲೆಯನ್ನು ಕಿಟಕಿಯ ಎದುರಿಗೆ ಇಟ್ಟರೆ ಮಳೆಗಾಳಿಗೆ ಜ್ವಾಲೆ ಆರುತ್ತದೆ, ಗ್ಯಾಸು ಮಾತ್ರ ಹೊರಡುತ್ತಲೇ ಇರುತ್ತದೆ. ಕಿಟಕಿ ಸಿಂಕಿಗೆ ಕೊಡಿ. ಚಿಮಣಿ ಒಲೆಯಿಂದ 26ರಿಂದ 30 ಇಂಚು ಮೇಲೆ. ಪೈಪು 6 ಇಂಚಿನದು, ಎಲ್ಲೂ 4ಕ್ಕೆ ಇಳಿಸಬಾರದು, ತಿರುವು ಒಂದೇ ಇರಲಿ. ಹೊರಬಾಯಿ ಪಶ್ಚಿಮಕ್ಕಾಗಲಿ ನೈಋತ್ಯಕ್ಕಾಗಲಿ ಬಂದರೆ ಜುಲೈನಲ್ಲಿ ಹೊಗೆಯ ಬದಲು ಮಳೆ ಒಳಬರುತ್ತದೆ. ಪೈಪನ್ನು ಹೊರಮುಖವಾಗಿ ತುಸು ಇಳಿಜಾರಾಗಿ ಕೂರಿಸಿ, ಬಾಯಿಗೆ ಮುಚ್ಚಳದ ರೆಕ್ಕೆ ಹಾಕಿಸಿ. ಹಂಚಿನ ಮಾಡನ್ನು ಕೊರೆದು ಪೈಪು ತೆಗೆಯುವುದು ಕೊನೆಯ ಉಪಾಯ, ಅಲ್ಲಿ ಸೋರಿಕೆ ನಿಲ್ಲಿಸುವುದು ಬಹಳ ಕಷ್ಟ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ದನವಿರುವ ಮನೆಯಲ್ಲಿ ಗೋಬರ್ ಗ್ಯಾಸು ಸಾಮಾನ್ಯ. ಅದರ ಒತ್ತಡ ಕಡಿಮೆ, ಎಲ್‌ಪಿಜಿ ಒಲೆಯ ಸಣ್ಣ ರಂಧ್ರದಲ್ಲಿ ಅದು ಉರಿಯುವುದಿಲ್ಲ. ಅದಕ್ಕೆ ಬೇರೆಯೇ ಒಲೆ ಬೇಕು, ಅದಕ್ಕೆ ಇನ್ನೂ 2 ಅಡಿ ಕಟ್ಟೆ ಈಗಲೇ ಎಣಿಸಿಡಿ. ಈ ಗ್ಯಾಸಿನಲ್ಲಿ ನೀರಾವಿ ಇರುವುದರಿಂದ ಪೈಪು ಎಲ್ಲಾದರೂ ಜೋತುಬಿದ್ದರೆ ಅಲ್ಲಿ ನೀರು ನಿಂತು ಜ್ವಾಲೆ ಕುಣಿಯುತ್ತದೆ, ಕೊನೆಗೆ ಆರುತ್ತದೆ. ಗುಂಡಿಯಿಂದ ಮನೆವರೆಗೆ ಒಂದೇ ಸಮ ಇಳಿಜಾರು ಕೊಟ್ಟು, ಅತಿ ತಗ್ಗಿನಲ್ಲಿ ನೀರು ಬಿಡುವ ನಲ್ಲಿ ಇಡಿ. ನೀರಿನ ಜೊತೆ ಗಂಧಕದ ಅಂಶವೂ ಇರುತ್ತದೆ, ಹಿತ್ತಾಳೆಯ ವಾಲ್ವ್ ಅದಕ್ಕೆ ಸವೆಯುತ್ತದೆ. ಪ್ಲಾಸ್ಟಿಕ್ ವಾಲ್ವ್ ಹೆಚ್ಚು ಬಾಳುತ್ತದೆ.

ಕಟ್ಟಿಗೆ ಒಲೆ ಪೂರಾ ತೆಗೆಯಬೇಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂಥದ್ದೊಂದು ಹಸಿ ಕೆಲಸದ ಮಾಡಿನ ಕೆಳಗಿದ್ದರೆ ಹಬ್ಬದ ಅಡುಗೆಗೂ, ಹಲಸಿನ ಹಪ್ಪಳದ ಹಿಟ್ಟು ಬೇಯಿಸಲೂ ಆಯಿತು. ಒಳಗಿನ ಹೊಸ ಚಿಮಣಿಯ ಅಡಿಯಲ್ಲಿ ಮಾತ್ರ ಕಟ್ಟಿಗೆ ಹಚ್ಚಬಾರದು, ಜಿಡ್ಡು ಹಿಡಿದ ಜಾಲಿಗೆ ಕಿಡಿ ಸಾಕು.

ಸಿಂಕಿನ ನೀರು

ಸಿಂಕು ಹೊರಗೋಡೆಗೆ ಇದ್ದರೆ ಪೈಪು ನೇರ ಆಚೆ ಹೋಗುತ್ತದೆ. ಅದನ್ನೇ 12 ಅಡಿ ಆಚೆಯ ಒಳಗೋಡೆಗೆ ಸರಿಸಿದರೆ ಅಡಿಗೆ ಕಾಲು ಇಂಚಿನಂತೆ 3 ಇಂಚು ಇಳಿಜಾರು, 2 ಇಂಚು ಪೈಪು, ಮೇಲಿನ ಹೊದಿಕೆ ಸೇರಿ 6 ಇಂಚಿಗೂ ಹೆಚ್ಚು ನೆಲ ಅಗೆಯಬೇಕು. ಹಳೆಯ ಕಾವಿ ನೆಲ ಇದ್ದರೆ ಒಮ್ಮೆ ಅಗೆದ ಮೇಲೆ ಅದೇ ಬಣ್ಣಕ್ಕೆ ತೇಪೆ ಹಾಕುವುದು ಯಾರಿಂದಲೂ ಆಗದ ಕೆಲಸ. ಇಳಿಜಾರು ಕಡಿಮೆ ಮಾಡಿ ಹೊಂದಿಸೋಣ ಎನ್ನುವ ಪ್ಲಂಬರಿಗೆ ಒಪ್ಪಬೇಡಿ. ಅಕ್ಕಿ ತೊಳೆದ ನೀರಿನ ಗಂಜಿ ಪೈಪಿನಲ್ಲೇ ತಂಗಿ ವಾಸನೆ ಹೊಡೆಯುತ್ತದೆ. ಸಿಂಕಿನ ಅಡಿಯಲ್ಲಿ ವಾಸನೆ ತಡೆಯಲು ನೀರು ನಿಲ್ಲುವ ಬಾಗಿದ ಪೈಪು (ಟ್ರ್ಯಾಪು), ಹೊರಗೆ ತೆರೆಯಲು ಬರುವ ಗುಂಡಿ, ಪ್ರತಿ ತಿರುವಿಗೂ ಮುಚ್ಚಳದ ಕೀಲು. ಸಿಂಕಿನ ಕೆಳಗೆ ಮರದ ಕಪಾಟು ಬೇಡವೇ ಬೇಡ. ಟೈಲ್ಸು ಹಾಕಿ ತೆರೆದಿಡಿ, ಕಸದ ಬುಟ್ಟಿಗೆ ಜಾಗವಾಯಿತು, ಸೋರಿದ ದಿನವೇ ಕಣ್ಣಿಗೆ ಬೀಳುತ್ತದೆ.

ಗೋಡೆ ಮತ್ತು ಕಪಾಟು

ಒದ್ದೆ ಏರುವ ಗೋಡೆಗೆ ನೆಲದಿಂದ ಮಾಡಿನವರೆಗೆ ಟೈಲ್ಸು ಅಂಟಿಸಿದರೆ ಪಸೆ ಮಾಯವಾಗುವುದಿಲ್ಲ. ಹೊರಬರಲು ದಾರಿ ಇಲ್ಲದೆ ಇನ್ನೂ ಮೇಲಕ್ಕೇರುತ್ತದೆ, ಇಲ್ಲವೇ ಟೈಲ್ಸನ್ನೇ ದೂಡಿ ಉದುರಿಸುತ್ತದೆ. ಕಟ್ಟೆಯ ಮೇಲಿನ 2 ಅಡಿ ಸಾಕು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಚಿರೆಕಲ್ಲಿಗೆ ಒಳಗೆ ಸುಣ್ಣದ ಗಾರೆಯೇ ಒಳ್ಳೆಯದು, ಅದು ಉಸಿರಾಡುತ್ತದೆ. ಹೊರಗಿನಿಂದ ಇರಚಲು ಹೊಡೆಯುವ ಗೋಡೆಗೆ ಮದ್ದು ಹೊರಗೇ ಆಗಬೇಕು: ಎರಡು ಅಡಿ ಚಾಚಿದ ಮಾಡು ಅಥವಾ ಸಜ್ಜಾ, ಬಿರುಕು ತುಂಬಿದ ಗಾರೆ.

ಅಕ್ಕಿ, ಬೇಳೆ, ಸಕ್ಕರೆ, ಸಂಬಾರ ಪುಡಿ ಒಳಗೋಡೆಗೆ. ಹಿಂದೆ ಒಲೆಯ ಮೇಲಿನ ಅಟ್ಟದ ಬಿಸಿಗೂ ಹೊಗೆಗೂ ಕೊಬ್ಬರಿ, ಬೀಜ ಬೆಚ್ಚಗಿರುತ್ತಿದ್ದವು. ಗ್ಯಾಸು ಬಂದು ಆ ಅನುಕೂಲ ಹೋಯಿತು, ಅದನ್ನು ಗಾಳಿಯಾಟದಿಂದ ತುಂಬಿಕೊಳ್ಳಬೇಕು. ಕಪಾಟಿನ ಬೆನ್ನು ಗೋಡೆಯಿಂದ ಒಂದು ಇಂಚು ಬಿಟ್ಟಿರಲಿ, ಬಾಗಿಲಿಗೆ ಜಾಲಿಯೋ ಅಡ್ಡಪಟ್ಟಿಯೋ ಇರಲಿ. ಭರಣಿಗಳಿಗೆ ಮೊಣಕಾಲಿನ ಎತ್ತರದಲ್ಲಿ ಕಡಪದ ಹಲಗೆ, ಮೇಲೆ 18 ಇಂಚು ತೆರಪು. ಎಣ್ಣೆ ಡಬ್ಬಕ್ಕೆ 16 ಇಂಚು. ನಿಮ್ಮ ಮನೆಯ ಅತಿ ದೊಡ್ಡ ಭರಣಿ, ದೋಸೆ ಹಿಟ್ಟಿನ ಪಾತ್ರೆ, ಇಡ್ಲಿ ಅಟ್ಟ ಇವುಗಳ ಅಳತೆ ತೆಗೆದೇ ಹಲಗೆಯ ಎತ್ತರ ಹೇಳಿ.

ಕೆಳಗಿನ ಕಪಾಟಿನ ಒಡಲು ಕಲ್ಲಿನದೇ ಇರಲಿ ಎಂಬುದು ನಮ್ಮ ಖಚಿತ ಸಲಹೆ: ನಿಲುವಿಗೂ ಹಲಗೆಗೂ ಕಡಪ ಅಥವಾ ಫೆರೋಸಿಮೆಂಟು (ತಂತಿಬಲೆಗೆ ಸಿಮೆಂಟು ಮೆತ್ತಿದ ತೆಳು ಹಲಗೆ), ಬಾಗಿಲು ಮಾತ್ರ ಬೇರೆ. ಬಾಗಿಲು ಹಾಳಾದರೆ ಬದಲಿಸಬಹುದು, ಒಡಲು ನಿಲ್ಲುತ್ತದೆ. ಪ್ಲೈವುಡ್ಡೇ ಬೇಕೆಂದರೆ ಐಎಸ್ 710 ಮುದ್ರೆಯದ್ದು (ಮರೈನ್ ಪ್ಲೈ) ತನ್ನಿ. ಐಎಸ್ 303ರ ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ದರ್ಜೆ ಪಸೆ ತಡೆಯುತ್ತದೆ ಎಂದು ಹೆಸರೇ ಹೇಳಿದರೂ ಅಡುಗೆಮನೆಯ ನೀರಿಗಲ್ಲ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಒಳ್ಳೆಯ ಪ್ಲೈವುಡ್ ಕೂಡ ಹಾಳಾಗುವುದು ಕತ್ತರಿಸಿದ ಅಂಚಿನಿಂದ. ಕಾಣದ ಹಿಂದಿನ ಅಂಚು, ಪೈಪಿಗೆ ಕೊರೆದ ತೂತು, ಎಲ್ಲಕ್ಕೂ ಬಣ್ಣವೋ ಎಪಾಕ್ಸಿಯೋ ಬಳಿಯುವುದನ್ನು ಎದುರಿಗೆ ನಿಂತು ಮಾಡಿಸಿ.

ಕಡಲ ಗಾಳಿ ಬಡಿಯುವ ಮನೆಗಳಲ್ಲಿ ಕ್ರೋಮ್ ಬಳಿದ ಕಬ್ಬಿಣದ ಬುಟ್ಟಿ, ಚಾನೆಲ್ಲು ಬೇಗ ತುಕ್ಕು ಹಿಡಿಯುತ್ತವೆ. 304 ದರ್ಜೆಯ ಸ್ಟೀಲ್ ಕೇಳಿ. ಕಡಲಿಗೆ ಎದುರಾದ ಕಿಟಕಿಯ ಕೊಂಡಿ, ಹೊರಗಿನ ಸಿಂಕು 316 ಆದರೆ ಇನ್ನೂ ಒಳ್ಳೆಯದು. ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪನ್ನು ತಡೆಯುತ್ತದೆ. ಅಯಸ್ಕಾಂತ ಅಂಟಲಿಲ್ಲ ಎಂದ ಮಾತ್ರಕ್ಕೆ 304 ಎನ್ನಲಾಗದು. ಅಗ್ಗದ 202 ಕೂಡ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಅಲ್ಯೂಮಿನಿಯಂ ಬಾಗಿಲಿಗೆ ಕಬ್ಬಿಣದ ಸ್ಕ್ರೂ ಹೊಡೆದರೆ ಉಪ್ಪುಗಾಳಿಯಲ್ಲಿ ಸ್ಕ್ರೂ ಸುತ್ತಲಿನ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಸ್ಟೀಲ್ ಸ್ಕ್ರೂಗೆ ನೈಲಾನ್ ವಾಷರ್ ಹಾಕಿಸಿ.

ತೂಗುಕಪಾಟಿನ ವಿಷಯದಲ್ಲಿ ಚಿರೆಕಲ್ಲನ್ನು ನಂಬುವಂತಿಲ್ಲ. ಅದರ ಮೈ ತುಂಬ ರಂಧ್ರ, ಸ್ಕ್ರೂ ಕೂರಿಸಲು ಹಾಕುವ ಪ್ಲಾಸ್ಟಿಕ್ ಗುಬುಟು ಹಿಡಿದು ನಿಲ್ಲುವುದಿಲ್ಲ. ಸ್ಟೀಲ್ ಪಾತ್ರೆ ತುಂಬಿದ 3 ಅಡಿಯ ಕಪಾಟು 50 ಕೆಜಿ ಮುಟ್ಟಬಹುದು. ಗಾರೆ ಮಾಡಿಸುವ ಮುಂಚೆಯೇ ಆ ಎತ್ತರದಲ್ಲಿ ಕಾಂಕ್ರೀಟ್ ಪಟ್ಟಿ ಕೂರಿಸಿ, ಇಲ್ಲವೇ ಜಾಲರಿ ತೋಳಿನ ಕೆಮಿಕಲ್ ಆಂಕರ್ (ತೂತಿಗೆ ಅಂಟು ತುಂಬಿ ಹಿಡಿಸುವ ಬೋಲ್ಟು) ಬಳಸಿ. ಎರಡೂ ಆಗದಿದ್ದರೆ ನೆಲದ ಮೇಲೆ ನಿಲ್ಲುವ ಕಪಾಟೇ ಸರಿ.

ಗೆದ್ದಲಿಗೆ ಮದ್ದು ನೆಲ ಅಗೆದಾಗಲೇ ಹಾಕಿಸಬೇಕು. ಬಾವಿ ಹತ್ತಿರವಿದ್ದರೆ ಅದನ್ನು ಮದ್ದು ಹಾಕುವವರಿಗೆ ಮೊದಲೇ ತೋರಿಸಿ. ಮದ್ದು ಬಾವಿಗಿಳಿದರೆ ಸರಿಮಾಡುವ ದಾರಿಯಿಲ್ಲ. ಬಾವಿಯ ಕಡೆ ಮದ್ದು ಬಿಟ್ಟು, ಕಲ್ಲಿನ ಒಡಲನ್ನೇ ನೆಚ್ಚಿಕೊಳ್ಳಿ.

ಗೋಡೆ ಒಡೆದು ಊಟದ ಕೋಣೆಗೆ ತೆರೆಯುವ ಆಸೆಯಿದ್ದರೆ ಮೊದಲು ಅಟ್ಟ ಹತ್ತಿ ತೊಲೆ, ಪಕಾಸು ಯಾವುದರ ಮೇಲೆ ಕೂತಿವೆ ನೋಡಿ. ಹಂಚಿನ ಮನೆಯಲ್ಲಿ ಒಳಗೋಡೆಯೂ ಭಾರ ಹೊರುವುದುಂಟು. ಎಂಜಿನಿಯರ್ ನೋಡದೆ ಒಂದು ಕಲ್ಲೂ ತೆಗೆಯಬಾರದು.

ಕರೆಂಟು

ಇಂಡಕ್ಷನ್, ಓವನ್, ಗೀಸರಿಗೆ ತಲಾ ಪ್ರತ್ಯೇಕ 16 ಆಂಪಿಯರ್ ಪಾಯಿಂಟು, ಪ್ರತಿಯೊಂದಕ್ಕೂ 2.5 ಚದರ ಮಿಲಿಮೀಟರ್ ತಾಮ್ರದ ತಂತಿ. ಮಿಕ್ಸರು, ಗ್ರೈಂಡರು, ನೀರಿನ ಫಿಲ್ಟರಿಗೆ 6 ಆಂಪಿಯರ್. ಸಾಕೆಟ್ಟು ಕಟ್ಟೆಯಿಂದ 9 ಇಂಚು ಮೇಲೆ, ಸಿಂಕಿನಿಂದ 2 ಅಡಿ ದೂರ. ಸಿಲಿಂಡರಿನ ಮಗ್ಗುಲಲ್ಲಿ ಯಾವ ಪಾಯಿಂಟೂ ಬೇಡ. ಒದ್ದೆ ಕೈ, ಒದ್ದೆ ನೆಲದ ಈ ಸೀಮೆಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಆರುವ ಸ್ವಿಚ್ಚು) ಇಲ್ಲದ ಅಡುಗೆಮನೆಯನ್ನು ಒಪ್ಪಿಕೊಳ್ಳಲೇಬಾರದು. ಮಳೆಗಾಲದ ಮಧ್ಯಾಹ್ನವೂ ಕತ್ತಲು, ಆದ್ದರಿಂದ ದೀಪ ಕೋಣೆಯ ನಡುವಿಗಲ್ಲ, ಹೆಚ್ಚುವ ಕಟ್ಟೆಯ ನೇರ ಮೇಲೆ ಬರಲಿ. ಆ ದೀಪ ಇನ್ವರ್ಟರಿನ ತಂತಿಯಲ್ಲಿರಲಿ. ಹಂಚಿನ ಮಾಡಾದರೆ ಎರಡು ಗಾಜಿನ ಹಂಚು ಹಾಕಿಸಿ, ಹಂಚಿನ ಕೆಳಗೆ ಪಿಒಪಿ ಹೊದಿಕೆ ಮಾತ್ರ ಬೇಡ. ಪಸೆ, ಇಲಿ, ಸೋರಿಕೆ ಮೂರನ್ನೂ ಅದು ಮುಚ್ಚಿಡುತ್ತದೆ.

ಕೆಲಸದ ಸರದಿ

ದೀಪಾವಳಿ ಕಳೆದ ಮೇಲೆ ಶುರು, ಮೇ ಹೊತ್ತಿಗೆ ಮುಗಿಯಬೇಕು. ಒಡೆಯುವುದು, ಗೆದ್ದಲು ಮದ್ದು, ನೀರಿನ ಮತ್ತು ತಂತಿಯ ಪೈಪು, ಗಾರೆ, ನೆಲ, ಕಟ್ಟೆಯ ಕಲ್ಲು, ಗೋಡೆ ಟೈಲ್ಸು, ಆಮೇಲೆಯೇ ಆಚಾರಿ. ಟೈಲ್ಸು ಮುಗಿಯುವ ಮೊದಲು ಬಾಗಿಲಿನ ಅಳತೆ ಕೊಟ್ಟರೆ ಅರ್ಧ ಇಂಚು ತಪ್ಪುತ್ತದೆ. ಸಿಮೆಂಟು ಗಾರೆಗೆ 7 ದಿನ ನೀರುಣಿಸಿ, ಬಣ್ಣಕ್ಕೆ ನಾಲ್ಕು ವಾರ ಕಾಯಿರಿ. ಬೇಸಗೆಯಲ್ಲಿ ಬಾವಿ ಬತ್ತುವ ಊರಾದರೆ ನೀರು ಹೆಚ್ಚು ಬೇಡುವ ಗಾರೆ ಕೆಲಸ ಫೆಬ್ರವರಿಯೊಳಗೆ ಆಗಲಿ.

ನೆಲಕ್ಕೆ ಟೈಲ್ಸು ಕೂರಿಸುವ ಮುಂಚೆ ಒಂದು ದಿನ ಪೈಪಿನ ಪರೀಕ್ಷೆಗಿಡಿ. ಹೊರಗಿನ ಬಾಯಿ ಮುಚ್ಚಿ, ಸಿಂಕಿನ ಪೈಪಿನ ಮೇಲ್ತುದಿಯವರೆಗೆ ನೀರು ತುಂಬಿ, ಮಟ್ಟಕ್ಕೆ ಗುರುತು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಕೀಲು ಸೋರುತ್ತಿದೆ. ಆಮೇಲೆ ಮುಚ್ಚಳ ತೆಗೆದು ಎರಡು ಕೊಡ ನೀರು ಒಟ್ಟಿಗೆ ಸುರಿಯಿರಿ. ಹೊರಗಿನ ಗುಂಡಿಗೆ ನೀರು ತಡವಿಲ್ಲದೆ, ಗುಳುಗುಳು ಸದ್ದಿಲ್ಲದೆ ಬಂದು ಬೀಳಬೇಕು. ಹಿತ್ತಿಲ ನೆಲದ ಮೇಲೂ ಒಂದು ಕೊಡ ಸುರಿದು, ಎಲ್ಲಾದರೂ ನಿಂತಿತೋ ನೋಡಿ, ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಗೌಂಡಿಗೆ ತೋರಿಸಿ. ಇಷ್ಟು ಸರಿಯಾಗಿದ್ದರೆ ಟೈಲ್ಸು ಕೂರಿಸಲು ಹೇಳಿ.